ಮಗ್ಗುಲು ಬದಲಿಸಿದ ಸರಳು

ಕಂತು ಆರು

“ಗರಗಸದ ಕೆಲಸ ಮೇಡಂ. ಅರ್ಧ ಕುಯ್ದಿದಾನೆ, ಇನ್ನರ್ಧ ತಾನಾಗೇ ಮುರೀಲಿ ಅಂತ ಬಿಟ್ಟಿದಾನೆ.”

ಇನ್ಸ್‌ಪೆಕ್ಟರು ಮುರಿದ ಸರಳಿನ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಚಿಕ್ಕಮ್ಮನ ಮುಂದಿಟ್ಟರು. ಠಾಣೆಯ ಮೇಜು ಒಮ್ಮೆ ನರಳಿತು.

ಮಣಿಕಟ್ಟಿನಷ್ಟು ದಪ್ಪದ ಉಕ್ಕು. ಮೈಮೇಲೆಲ್ಲ ನೀಲಿ, ಬಿಳಿ ಲೇಪದ ಹನಿಗಳು ಒಣಗಿ ಅಂಟಿಕೊಂಡಿದ್ದವು. ಮುರಿದ ಮುಖದಲ್ಲಿ ಅರ್ಧ ಭಾಗ ಕಪ್ಪಗೆ, ನುಣ್ಣಗೆ ಇತ್ತು. ಇನ್ನರ್ಧ ಬೆಳ್ಳಗೆ, ಕಲ್ಲುಪ್ಪಿನ ಹಾಗೆ ಹರಳು ಹರಳಾಗಿತ್ತು. ಕಬ್ಬಿಣದ ಬಗ್ಗೆ ನನಗೆ ಗೊತ್ತಿರುವುದು ಅದಕ್ಕೆ ತುಕ್ಕು ಹಿಡಿಯುತ್ತದೆ ಎಂಬುದಷ್ಟೇ. ಆದರೂ ಆ ನುಣುಪು ನೋಡಿ ನನಗೂ ಗರಗಸವೇ ಅನ್ನಿಸಿತು.

ಚಿಕ್ಕಮ್ಮ ಕೈಚೀಲದಿಂದ ಭೂತಗನ್ನಡಿ ತೆಗೆದು ಸರಳಿನ ಮೇಲೆ ಬಾಗಿದಳು.

ಅವಳು ಪಾಲಿಟೆಕ್ನಿಕ್ಕಿನಲ್ಲಿ ಆಯುಷ್ಯವೆಲ್ಲ ಲೋಹದ ಪಾಠ ಹೇಳಿ ನಿವೃತ್ತಳಾದವಳು. ಮುರಿದ ವಸ್ತು ಯಾಕೆ ಮುರಿಯಿತು ಎಂದು ಹೇಳುವುದೇ ಈಗ ಅವಳ ಕಸುಬು. ನಾನು ಅವಳ ಅಕ್ಕನ ಮಗಳು. ಕಾರು ಓಡಿಸುವುದು, ಫೋಟೊ ತೆಗೆಯುವುದು, ನಡುನಡುವೆ ಬೈಸಿಕೊಳ್ಳುವುದು ನನ್ನ ಕಸುಬು. ಇನ್ಸ್‌ಪೆಕ್ಟರು ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿ. ಅವಳ ವಿಷಯದಲ್ಲೇ ಡುಮ್ಕಿ ಹೊಡೆದು ಪೊಲೀಸ್ ಸೇರಿದವರು. ಮೀಸೆಯನ್ನು ಎಷ್ಟೇ ದಪ್ಪಗೆ ಬೆಳೆಸಿದ್ದರೂ ಅವಳೆದುರು ಇವತ್ತಿಗೂ ಕುರ್ಚಿಯ ತುದಿಯಲ್ಲೇ ಕೂರುತ್ತಾರೆ.

ಮಂಗಳವಾರ ಬೆಳಿಗ್ಗೆ ಎನಾಮಲ್ ಪಾತ್ರೆ ಕಾರ್ಖಾನೆಯಲ್ಲಿ ಈ ಸರಳು ಮುರಿದು, ಕೆಳಗೆ ನಿಂತಿದ್ದ ಕುಲುಮೆ ಮೇಸ್ತ್ರಿ ಆಸ್ಪತ್ರೆ ಸೇರಿದ್ದರು. ಅವರ ಹೆಂಡತಿಯ ತಮ್ಮ ಲಾಕಪ್ಪು ಸೇರಿದ್ದ.

“ಅವನ ಚೀಲದಲ್ಲಿ ಗರಗಸ ಸಿಕ್ಕಿದೆ,” ಎಂದರು ಇನ್ಸ್‌ಪೆಕ್ಟರು. “ಹಿಂದಿನ ಸಂಜೆ ಭಾವನ ಜೊತೆ ದೊಡ್ಡ ಜಗಳ. ಇಡೀ ಪಾಳಿ ಕೇಳಿಸ್ಕೊಂಡಿದೆ. ‘ಮೈಮೇಲೆ ಬಿದ್ದ ಮೇಲೇ ನಿಮಗೆ ಬುದ್ಧಿ ಬರೋದು’ ಅಂತ ಕೂಗಾಡಿದಾನೆ. ಮಾರನೇ ದಿನ ಬಿತ್ತು. ಇನ್ನೇನು ಬೇಕು ಮೇಡಂ?”

“ಒಂದು ಹೇರ್‌ಪಿನ್ ಬೇಕು,” ಎಂದಳು ಚಿಕ್ಕಮ್ಮ, ತಲೆ ಎತ್ತದೆ.

ಇದ್ದದ್ದು ನನ್ನ ತಲೆಯಲ್ಲಿ. ಕೇಳದೆಯೇ ಕಿತ್ತುಕೊಂಡಳು. ನನ್ನ ಕೂದಲು ಮುಖಕ್ಕೆ ಬಿತ್ತು, ಯಾರಿಗೂ ಅದರ ಚಿಂತೆ ಇರಲಿಲ್ಲ.

ಪಿನ್ನನ್ನು ನೆಟ್ಟಗೆ ಮಾಡಿ ಒಮ್ಮೆ ಬಗ್ಗಿಸಿದಳು. “ಮುರೀತಾ?”

“ಇಲ್ಲ ಮೇಡಂ.”

ಆ ಕಡೆ ಬಗ್ಗಿಸಿದಳು, ಈ ಕಡೆ ಬಗ್ಗಿಸಿದಳು. ಇನ್ಸ್‌ಪೆಕ್ಟರು ತರಗತಿಯಲ್ಲಿ ಕೂತವರಂತೆ ನೋಡುತ್ತಲೇ ಇದ್ದರು. ಪಿನ್ನು ಟಕ್ಕೆಂದು ಎರಡಾಯಿತು.

“ಈಗ ಹೇಳು, ಯಾವ ಗರಗಸ ಹಾಕಿದೆ ನಾನು?”

ಇನ್ಸ್‌ಪೆಕ್ಟರು ಮೀಸೆ ಸವರಿಕೊಂಡರು.

“ಲೋಹಕ್ಕೂ ದಣಿವು ಅನ್ನೋದಿದೆ ಕಣಪ್ಪ. ಒಂದು ಸಲದ ಭಾರಕ್ಕೆ ಏನೂ ಆಗಲ್ಲ. ಹೇರು, ಇಳಿಸು, ಮತ್ತೆ ಹೇರು, ಮತ್ತೆ ಇಳಿಸು. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತೆ. ದಿನಾ ಇಷ್ಟಿಷ್ಟೇ ಒಳಗೆ ಹೋಗುತ್ತೆ. ಉಳಿದ ಉಕ್ಕು ಕೈಲಾಗೋವರೆಗೂ ಹೊರುತ್ತೆ. ಆಗಲ್ಲ ಅಂದ ದಿನ ಯಾರಿಗೂ ಹೇಳದೆ ಕೇಳದೆ ಹೋಗುತ್ತೆ. ಈ ಕಪ್ಪು ಭಾಗ ತಿಂಗಳುಗಟ್ಟಲೆ ಬಿರುಕು ಬಿಟ್ಟಿದ್ದು. ಈ ಬೆಳ್ಳಗಿರೋದು ಮಂಗಳವಾರ ಒಂದೇ ಏಟಿಗೆ ಮುರಿದಿದ್ದು.”

“ಗರಗಸದ್ದಲ್ಲ ಅಂತ ಕೋರ್ಟಲ್ಲಿ ಹೇಗೆ ಹೇಳೋದು ಮೇಡಂ?”

ಚಿಕ್ಕಮ್ಮ ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟಳು. ಅವರ ಭುಜದ ಮೇಲಿಂದ ನಾನೂ ಇಣುಕಿದೆ. ಕಪ್ಪು ಭಾಗದಲ್ಲಿ ಒಂದರೊಳಗೊಂದು ಕಮಾನಿನಂಥ ಗೆರೆಗಳು, ಬೇಸಿಗೆಯಲ್ಲಿ ಕೆರೆ ಇಳಿಯುವಾಗ ದಂಡೆಯ ಮೇಲೆ ಉಳಿಯುತ್ತವಲ್ಲ, ಹಾಗೆ. ಎಲ್ಲ ಗೆರೆಗಳೂ ಅಂಚಿನ ಒಂದು ಬಿಂದುವನ್ನು ಸುತ್ತಿಕೊಂಡಿದ್ದವು.

“ಗರಗಸ ಹೀಗೆ ಕಮಾನು ಬರೆಯುತ್ತಾ? ನೆಟ್ಟಗೆ ಕುಯ್ಯುತ್ತೆ. ಇಲ್ಲಿ ಒಂದೊಂದು ಗೆರೆನೂ ಕುಲುಮೆ ಒಂದೊಂದು ಸಲ ಆರಿ ಮತ್ತೆ ಕಾದಿದ್ದಕ್ಕೆ ಸಾಕ್ಷಿ. ಒಳಗೆ ಬೆಂಕಿಗೆ ಸುಟ್ಟ ಕಪ್ಪು ಕಿಟ್ಟ ಬೇರೆ ಕಟ್ಟಿದೆ. ಒಂದು ಸಂಜೇಲಿ ಇಷ್ಟು ಕಿಟ್ಟ ಕಟ್ಟಿಸೋಕೆ ಅವನೇನು ಮಂತ್ರವಾದೀನಾ?”

ಇನ್ಸ್‌ಪೆಕ್ಟರು ಸೋತವರಂತೆ ಹಿಂದಕ್ಕೆ ಒರಗಿದರು. ಒಬ್ಬ ಆರೋಪಿ ಕೈತಪ್ಪಿದ ಬೇಸರಕ್ಕಿಂತ ಒಬ್ಬ ಬಡಪಾಯಿ ಉಳಿದನೆಂಬ ಸಮಾಧಾನವೇ ಅವರ ಮುಖದಲ್ಲಿ ಹೆಚ್ಚಾಗಿತ್ತು. ಮನುಷ್ಯ ಒಳ್ಳೆಯವರು, ಓದಿನಲ್ಲಿ ಮಾತ್ರ ಹಿಂದೆ.

ಆದರೆ ಚಿಕ್ಕಮ್ಮನ ಹುಬ್ಬು ಇನ್ನೂ ಗಂಟಿಕ್ಕಿತ್ತು. ಅವಳು ಸರಳಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು.

“ಇದು ನೆಟ್ಟಗಿದೆ,” ಎಂದಳು.

“ಒಳ್ಳೇದೇ ಅಲ್ವಾ ಮೇಡಂ?”

“ನೆಟ್ಟಗಿರಬಾರದು. ನಿನ್ನ ಹಿಂದಿರೋ ಕಪಾಟು ನೋಡು.”

ಇನ್ಸ್‌ಪೆಕ್ಟರ ಬೆನ್ನ ಹಿಂದೆ ಕಡತಗಳನ್ನು ಒಟ್ಟಿದ್ದ ಹಲಗೆ ನಡುವೆ ಜೋತುಬಿದ್ದಿತ್ತು.

“ಅದನ್ನ ಯಾರೂ ಹೇರಿ ಇಳಿಸ್ತಾ ಇಲ್ಲ. ಸುಮ್ನೆ ಹೊತ್ಕೊಂಡು ನಿಂತಿದೆ, ಅಷ್ಟಕ್ಕೇ ಜೋತುಬಿದ್ದಿದೆ. ಉಕ್ಕೂ ಹಾಗೇ. ಕೆಂಪಗೆ ಕಾಯಿಸಿ ಭಾರ ನೇತು ಹಾಕಿದ್ರೆ ನಿಧಾನಕ್ಕೆ ಜೋಲುತ್ತೆ. ಈ ಸರಳು ವರ್ಷಗಟ್ಟಲೆ ಬೆಂಕಿಯೊಳಗೆ ಪಾತ್ರೆ ಹೊತ್ತಿದೆ. ಬಿಲ್ಲಿನ ಹಾಗೆ ಬಾಗಿರಬೇಕಿತ್ತು. ಯಾಕೆ ಬಾಗಿಲ್ಲ?”

“ಅಯ್ಯೋ, ಅದಕ್ಕೇನು ಮೇಡಂ. ನಮ್ಮ ಹಲಗೇನ ತಿರುಗಿಸಿ ಹಾಕಿಸ್ತೀನಿ. ಸ್ವಲ್ಪ ದಿನಕ್ಕೆ ಸರಿಹೋಗುತ್ತೆ. ಆಮೇಲೆ ಆ ಕಡೆ ಜೋಲುತ್ತೆ, ಮತ್ತೆ ತಿರುಗಿಸೋದು.”

ಚಿಕ್ಕಮ್ಮ ಅವರನ್ನು ದಿಟ್ಟಿಸಿ ನೋಡಿದಳು.

“ಈ ಉತ್ತರ ಅವತ್ತು ಬರೆದಿದ್ರೆ ಪಾಸಾಗ್ತಿದ್ದೆ,” ಎಂದು ಸರಳನ್ನು ಮೆಲ್ಲಗೆ ಹೊರಳಿಸಿದಳು. ಲೇಪದ ಹನಿಗಳ ನಡುವೆ, ಈ ಮಗ್ಗುಲಲ್ಲೊಂದು ಸಾಲು, ಆ ಮಗ್ಗುಲಲ್ಲೊಂದು ಸಾಲು, ಉಳಿಯಿಂದ ಹೊಡೆದ ಸಣ್ಣ ಸಣ್ಣ ಕಚ್ಚುಗಳು ಕಂಡವು. ಕಮಾನುಗಳೆಲ್ಲ ಸುತ್ತಿಕೊಂಡಿದ್ದ ಬಿಂದು ಅಂಥದೊಂದು ಕಚ್ಚಿನ ಬುಡದಲ್ಲೇ ಇತ್ತು.

“ಅವನನ್ನ ಕರೆಸು,” ಎಂದಳು.

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಾರೆ. ಯಾಕೆಂದು ಕೇಳಬೇಕಿರಲಿಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ಆಮೇಲೂ ಎತ್ತಲಿಲ್ಲ. ಅವನ ಕಣ್ಣು ಮೊದಲು ಹೋದದ್ದು ಮೇಜಿನ ಮೇಲಿದ್ದ ಸರಳಿನ ಕಡೆಗೆ.

“ಭಾವ ಮಾತಾಡಿದ್ರಾ?” ಎಂದು ಕೇಳಿದ.

“ಇನ್ನೂ ಇಲ್ಲ. ಜೀವಕ್ಕೆ ಅಪಾಯ ಇಲ್ಲವಂತೆ,” ಎಂದಳು ಚಿಕ್ಕಮ್ಮ. “ಕೂತ್ಕೊಳಪ್ಪ. ಈ ಕಚ್ಚುಗಳು ಏನು?”

“ಅದಾ? ಮಗ್ಗುಲು ಬದಲಿಸಿದ ಗುರುತು ಮೇಡಂ.” ಅವನ ದನಿಗೆ ಸ್ವಲ್ಪ ಜೀವ ಬಂತು. “ನಮ್ಮಲ್ಲಿ ತಲೆ ಮೇಲಿನ ಹಳೀಲಿ ಓಡೋ ಎರಡು ಬಂಡಿ. ಒಂದು ಕಿಟಕಿ ಕಡೆ, ಒಂದು ಗೋಡೆ ಕಡೆ. ಒಂದೊಂದಕ್ಕೂ ಒಂದೊಂದು ಸರಳು. ಲೇಪ ಹಚ್ಚಿದ ಪಾತ್ರೆಗಳನ್ನ ಸರಳಿಗೆ ನೇತು ಹಾಕಿ ಬಂಡೀನ ಕುಲುಮೆ ಒಳಗೆ ತಳ್ತೀವಿ. ಸರಳು ಜೋತುಬಿತ್ತು ಅಂದ್ರೆ ತಿರುಗಿಸಿ ಹಾಕ್ತೀವಿ, ಮಲಗಿದವರಿಗೆ ಮಗ್ಗುಲು ಬದಲಿಸಿದ ಹಾಗೆ. ಬೆಂಕಿಗೆ ಅದೇ ನೆಟ್ಟಗಾಗುತ್ತೆ. ಯಾವ ಕಡೆ ಮೇಲಿತ್ತು ಅಂತ ಮರೀಬಾರದಲ್ಲ, ಅದಕ್ಕೆ ಉಳೀಲಿ ಒಂದು ಕಚ್ಚು. ಆ ಬಂಡಿ ಸರಳು ಈ ಬಂಡಿಗೆ, ಈ ಬಂಡೀದು ಆ ಬಂಡಿಗೆ ಅದಲು ಬದಲೂ ಮಾಡ್ತೀವಿ. ಇದೆಲ್ಲ ಭಾವ ಕಲಿಸಿದ್ದು.”

“ಬಿರುಕು ಬಿಟ್ಟಿದೆಯಾ ಅಂತ ಯಾರು ನೋಡ್ತಾರೆ?”

“ಭಾವನೇ. ಕುಲುಮೆ ಬಾಯಿ ನೋಡಿ ನೋಡಿ ಅವರ ಕಣ್ಣು ಮಂಜಾಗಿದೆ ಮೇಡಂ. ಹೆಬ್ಬೆರಳಲ್ಲಿ ಸವರಿ ನೋಡ್ತಾರೆ. ಕಣ್ಣಿದ್ದವರಿಗಿಂತ ಚೆನ್ನಾಗಿ ಗೊತ್ತಾಗುತ್ತೆ ಅಂತಾರೆ.”

“ಹೊಸ ಸರಳು ತರಿಸಬಹುದಿತ್ತಲ್ಲ?”

“ಕೇಳಿ ಕೇಳಿ ಸಾಕಾಯ್ತು. ‘ನೆಟ್ಟಗೇ ಇದೆಯಲ್ಲ, ಇನ್ನೇನು ರೋಗ’ ಅಂತಾರೆ ಮ್ಯಾನೇಜರು.”

ಚಿಕ್ಕಮ್ಮ ಸರಳನ್ನು ಅವನ ಕಡೆ ಹೊರಳಿಸಿದಳು. ಮುಂದೆ ಹೇಳಬೇಕಾದ ಮಾತು ಅವಳಿಗೆ ಇಷ್ಟವಿರಲಿಲ್ಲ ಎಂದು ನನಗೆ ಗೊತ್ತಾಯಿತು.

“ನೆಟ್ಟಗಾಯ್ತು ಅಂದ್ರೆ ವಾಸಿಯಾಯ್ತು ಅಂತ ಅಲ್ಲಪ್ಪ. ಒಳಗೆ ಆದ ಸವೆತ ಒಳಗೇ ಉಳಿದಿರುತ್ತೆ. ಅದರ ಮೇಲೆ ಈ ಕಚ್ಚು. ಮೇಲಿದ್ದ ಮಗ್ಗುಲಿಗೆ ಕಚ್ಚು ಹೊಡೆದು ಅದನ್ನೇ ಕೆಳಕ್ಕೆ ಮಾಡಿ ಹಾಕ್ತೀರಿ. ಭಾರ ಬಿದ್ದಾಗ ಎಳೆತ ಎಲ್ಲ ಕೆಳಗಿನ ಮಗ್ಗುಲಿಗೇ. ಬಿರುಕು ಹುಟ್ಟಿದ್ದು ಈ ಕಚ್ಚಿನಲ್ಲೇ.”

ಉದ್ದಣ್ಣ ಸರಳನ್ನು ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. “ಭಾವನ ಕೈಯಾರೆ ಆಗಿದ್ದಾ ಇದು?”

“ಗೊತ್ತಿಲ್ಲದೆ ಆಗಿದ್ದು. ಆ ಕಚ್ಚು ಅವರು ಹೊಡೆದಿದ್ದು ಸರಳು ಚೆನ್ನಾಗಿರಲಿ ಅಂತ.”

ಅವನ ಕಣ್ಣು ತುಂಬಿತು. ಅಷ್ಟುದ್ದದ ಮನುಷ್ಯ ಅಳುವುದನ್ನು ನೋಡಲು ನನಗೆ ಕಷ್ಟವಾಯಿತು. ಕಪಾಟಿನ ಕಡೆ ತಿರುಗಿದೆ.

“ಜಗಳ ಯಾಕಾಯ್ತು?” ಚಿಕ್ಕಮ್ಮ ದನಿ ಇಳಿಸಿ ಕೇಳಿದಳು.

“ಕಿಟಕಿ ಕಡೆ ಬಂಡಿ ಕೆಳಗೆ ನಿಲ್ಲೋದು ಮೊದಲಿಂದ ನಾನೇ. ಸೋಮವಾರ ಮಗ್ಗುಲು ಬದಲಿಸೋದು, ಸರಳು ಅದಲು ಬದಲು ಮಾಡೋದು ಎಲ್ಲ ಮುಗೀತು. ಸಂಜೆ ಭಾವ ಇದ್ದಕ್ಕಿದ್ದ ಹಾಗೆ, ‘ನಾಳೆಯಿಂದ ನೀನು ಗೋಡೆ ಕಡೆ ಹೋಗು, ಇಲ್ಲಿ ನಾನು ನಿಲ್ತೀನಿ’ ಅಂದ್ರು. ಕಾರಣ ಕೇಳಿದ್ರೆ ರೇಗಿದ್ರು. ನಾನೇನು ತಪ್ಪು ಮಾಡಿದೆ ಅಂತ ಎಲ್ಲರ ಮುಂದೆ ಜಾಗ ಬದಲಿಸ್ಬೇಕು? ನಿಮಗೆ ಕಣ್ಣು ಕಾಣಲ್ಲ, ಮೈಮೇಲೆ ಬಿದ್ದ ಮೇಲೇ ಬುದ್ಧಿ ಬರೋದು ಅಂದುಬಿಟ್ಟೆ. ಬಾಯಿಗೆ ಬೀಗ ಇರಲಿಲ್ಲ ಮೇಡಂ. ಅಕ್ಕ ಅವತ್ತಿಂದ ಮುಖ ಕೊಟ್ಟು ಮಾತಾಡಿಲ್ಲ. ಇಲ್ಲಿಗೂ ಬರಲಿಲ್ಲ.”

“ಗರಗಸ?”

“ಪಾತ್ರೆ ನೇತು ಹಾಕೋ ಕೊಕ್ಕೆ ಕುಯ್ಯೋಕೆ. ನಮ್ಮಲ್ಲಿ ಎಲ್ಲರ ಚೀಲದಲ್ಲೂ ಇರುತ್ತೆ.”

ಇನ್ಸ್‌ಪೆಕ್ಟರು ಕೆಮ್ಮಿದರು.

“ಇನ್ನೊಂದು ಸರಳೂ ಇಷ್ಟೇ ಹಳೇದಲ್ವಾ? ಅದಕ್ಕೂ ಇದೇ ಕಚ್ಚು, ಇದೇ ಬೆಂಕಿ,” ಎಂದ ಚಿಕ್ಕಮ್ಮ ಇನ್ಸ್‌ಪೆಕ್ಟರ ಕಡೆ ತಿರುಗಿದಳು. “ಮ್ಯಾನೇಜರಿಗೆ ಫೋನ್ ಮಾಡು. ಈಗಲೇ.”

ಮ್ಯಾನೇಜರ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು. ಇನ್ನೊಂದು ಸರಳನ್ನು ತಾವೇ ನಿಂತು ನೋಡಿಸಿದ್ದಾರಂತೆ. ದೀಪ ಹಿಡಿದು ನೋಡಿದ್ದಾರೆ, ಕೈಯಿಂದ ಸವರಿ ನೋಡಿದ್ದಾರೆ, ಒಂದು ಗೆರೆ ಕೂಡ ಇಲ್ಲವಂತೆ. ಆದರೂ ಮೇಡಂ ಬಂದು ನೋಡುವವರೆಗೆ ಅದಕ್ಕೆ ಭಾರ ಹಾಕುವುದಿಲ್ಲ ಎಂದು ಮಾತು ಕೊಟ್ಟರು.

ಉದ್ದಣ್ಣನನ್ನು ಬಿಡುಗಡೆ ಮಾಡಲು ಕಾಗದ ತಯಾರಾಯಿತು. ಬಾಗಿಲಲ್ಲಿ ಅವನು ಹಿಂದಿರುಗಿ ಚಿಕ್ಕಮ್ಮನಿಗೆ ಕೈಮುಗಿದ. ಆಗ ಮಾತ್ರ ತಲೆ ಎತ್ತಿದ್ದ, ಹಣೆ ಬಾಗಿಲಿಗೆ ತಾಗಿತು. ಮೊದಲ ಬಾರಿಗೆ ನಕ್ಕ.

ಅವನು ಹೋದ ಮೇಲೆ ಚಿಕ್ಕಮ್ಮ ನನ್ನ ಮುರಿದ ಪಿನ್ನಿನ ತುದಿಯಿಂದ ಆ ಕಚ್ಚನ್ನು ಮೆಲ್ಲಗೆ ಕೆರೆದಳು. ಕಿಟ್ಟದ ಕೆಳಗಿಂದ ಗಾಜಿನ ಹೊಳಪು ಇಣುಕಿತು. ನೀಲಿ.

“ಫೋಟೊ ತೆಗಿ,” ಎಂದಳು. “ಹತ್ತಿರದಿಂದ. ಮೇಲೆ ಬೆರಳಲ್ಲಿ ಸವರಿದ ಗುರುತಿದೆಯಲ್ಲ, ಅದೂ ಬರಲಿ.”

ಕಾರಿನಲ್ಲಿ ಕೂತ ಮೇಲೆಯೇ ಬಾಯಿ ಬಿಟ್ಟಳು. “ಸರಳಿನ ಮೇಲೆ ಲೇಪದ ಹನಿ ಬೀಳೋದು ಸಹಜ. ಬಿರುಕಿನ ಒಳಗೆ ಲೇಪ ಹೋಗೋದು ಸಹಜ ಅಲ್ಲ. ಯಾರೋ ಹಸಿ ಲೇಪಾನ ಹೆಬ್ಬೆರಳಲ್ಲಿ ಒತ್ತಿ ತುಂಬಿದಾರೆ ಕಣೇ. ಕುಲುಮೇಲಿ ಬೆಂದು ಗಾಜಾಗಿ ಮುಚ್ಚಿಕೊಂಡಿದೆ. ಕೆಳಗೆ ಬಿರುಕು ತನ್ನ ಪಾಡಿಗೆ ತಾನು ಬೆಳೀತಾ ಹೋಗಿದೆ.”

“ಅಂದ್ರೆ ಬಿರುಕು ಇರೋದು ಒಬ್ಬರಿಗೆ ಗೊತ್ತಿತ್ತು.”

“ಗೊತ್ತಿದ್ದು ಮುಚ್ಚಿದಾರೆ.”

“ಲೇಪ ಯಾರ ಕೈಲಿರುತ್ತೆ?” ಎಂದೆ. ಉತ್ತರ ನನಗೇ ಹೊಳೆಯಿತು, ಹೊಳೆದದ್ದಕ್ಕೆ ಬೇಸರವೂ ಆಯಿತು. ಇನ್ಸ್‌ಪೆಕ್ಟರ ಕಡತದಲ್ಲೇ ಇತ್ತು, ಲೇಪದ ಕೋಣೆಯ ಯಜಮಾನಿ ಮೇಸ್ತ್ರಿಯ ಹೆಂಡತಿ, ಉದ್ದಣ್ಣನ ಅಕ್ಕ. ಕಾರ್ಖಾನೆಗೆಲ್ಲ ಅವಳು ಲೇಪದಕ್ಕ.

ಆಸ್ಪತ್ರೆಯ ವಾರ್ಡಿನಲ್ಲಿ ಮಧ್ಯಾಹ್ನದ ಊಟದ ಗಾಡಿ ಆಗಷ್ಟೇ ಹೋಗಿತ್ತು. ಕೊನೆಯ ಮಂಚದಲ್ಲಿ ಮೇಸ್ತ್ರಿ. ಎದೆಗೆ ಪಟ್ಟಿ, ಕಾಲಿಗೆ ಪ್ಲಾಸ್ಟರು, ಮುಚ್ಚಿದ ಕಣ್ಣು. ಪಕ್ಕದಲ್ಲಿ ಲೇಪದಕ್ಕ ಒದ್ದೆ ಟವಲು ಹಿಂಡುತ್ತಿದ್ದಳು. ವರ್ಷಗಟ್ಟಲೆ ಲೇಪದ ತೊಟ್ಟಿಯಲ್ಲಿ ಅದ್ದಿದ ಕೈಗಳ ಚರ್ಮ ಒಣಗಿ ಬೆಳ್ಳಗಾಗಿತ್ತು.

“ಸ್ವಲ್ಪ ಹಿಡ್ಕೊಳ್ತೀಯಾ ತಾಯಿ?” ಎಂದಳು ನನ್ನನ್ನು ನೋಡಿ, ಯಾರು ಏನು ಎಂದು ಕೇಳದೆ. “ಆಗಾಗ ಮಗ್ಗುಲು ಬದಲಿಸ್ಬೇಕಂತೆ. ಇಲ್ಲದಿದ್ರೆ ಬೆನ್ನು ಹುಣ್ಣಾಗುತ್ತೆ ಅಂದ್ರು ನರ್ಸಮ್ಮ.”

ನಾನು ಭುಜ ಹಿಡಿದೆ, ಅವಳು ಸೊಂಟ ಹಿಡಿದಳು. ಇಬ್ಬರೂ ಸೇರಿ ಮೆಲ್ಲಗೆ ಹೊರಳಿಸಿದೆವು. ಚಿಕ್ಕಮ್ಮ ದಿಂಬು ಸರಿಪಡಿಸಿದಳು. ಇಂಥ ಹೊತ್ತಿನಲ್ಲಿ ಯಾರನ್ನಾದರೂ ಪ್ರಶ್ನಿಸುವುದು ಪಾಪವೆಂದು ನನಗೆ ಅನ್ನಿಸಿತು. ಚಿಕ್ಕಮ್ಮನಿಗೂ ಅನ್ನಿಸಿರಬೇಕು, ಮೊದಲು ಒಳ್ಳೆಯ ಸುದ್ದಿಯನ್ನೇ ಹೇಳಿದಳು.

“ನಿನ್ನ ತಮ್ಮನ್ನ ಬಿಟ್ಟಿದಾರಮ್ಮ. ಅವನ ತಪ್ಪು ಏನೂ ಇಲ್ಲ. ಸರಳು ಕುಯ್ದಿದ್ದಲ್ಲ, ಬಿರುಕು ಬಿಟ್ಟಿದ್ದು.”

ಲೇಪದಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಟವಲನ್ನು ಮುಖಕ್ಕೆ ಒತ್ತಿಕೊಂಡಳು. ಅಳು ನಿಲ್ಲುವವರೆಗೆ ಚಿಕ್ಕಮ್ಮ ಇನ್ನೊಂದು ಸ್ಟೂಲು ಎಳೆದು ಕೂತು ಕಾದಳು.

“ಬಿರುಕಿಗೆ ಯಾರೋ ಲೇಪ ತುಂಬಿದಾರೆ. ನೀನೇನಾ?”

“ನಾನೇ,” ಎಂದಳು ಅವಳು. ಎಷ್ಟು ಬೇಗ ಹೇಳಿದಳೆಂದರೆ, ಯಾರಾದರೂ ಕೇಳಲಿ ಎಂದೇ ಕಾದಿದ್ದಳೆಂದು ಕಾಣುತ್ತದೆ. “ನನ್ನ ಕರ್ಕೊಂಡು ಹೋಗಿ ಮೇಡಂ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಅಲ್ಲಿ ತಮ್ಮ ಜೈಲಲ್ಲಿ, ಇಲ್ಲಿ ಇವರು ಹೀಗೆ. ಇಬ್ಬರನ್ನೂ ನಾನೇ ಹಾಳು ಮಾಡಿದೆ.”

“ಯಾಕೆ ತುಂಬಿದೆ?”

“ಮಗ್ಗುಲು ಬದಲಿಸೋ ದಿನ ಸರಳಿನ ಮೇಲಿನ ಹನಿ ಕೆರೆಯೋ ಕೆಲಸ ನಮ್ಮದು. ಸೋಮವಾರ ಬೆಳಿಗ್ಗೆ ಒಂದು ಸರಳಲ್ಲಿ ಕೂದಲಿನಂಥ ಗೆರೆ ಕಾಣಿಸ್ತು. ಅದು ಎಷ್ಟು ದಿನದಿಂದ ಇತ್ತೋ, ಇವರಿಗೆ ಸಿಕ್ಕಿರಲಿಲ್ಲ. ಕಣ್ಣು ಹೋದವನನ್ನ ಕುಲುಮೆ ಹತ್ರ ಯಾಕೆ ಇಟ್ಕೊಳ್ಳೋದು ಅಂತ ಮ್ಯಾನೇಜರು ಮೊದಲೇ ಗೊಣಗ್ತಾ ಇದ್ರು. ಅವರ ಕಣ್ಣಿಗೆ ಇದು ಬಿದ್ರೆ ಇವರನ್ನ ಮನೆಗೆ ಕಳಿಸ್ತಾರೆ. ಕುಲುಮೆ ಬಿಟ್ರೆ ಈ ಮನುಷ್ಯ ಬದುಕಲ್ಲ ಮೇಡಂ. ರಜಾದಿನ ಮನೇಲಿದ್ರೂ ಒಲೆ ಮುಂದೆ ಬಂದು ನಿಂತ್ಕೊಳ್ತಾರೆ.”

“ತಮ್ಮನಿಗೆ ಹೇಳಬಹುದಿತ್ತಲ್ಲಮ್ಮ.”

“ಹೇಳೋಣ ಅಂತಲೇ ಇದ್ದೆ. ಒಂದು ದಿನಕ್ಕೆ ಮುಚ್ಚಿರಲಿ, ಸಂಜೆ ತಮ್ಮನಿಗೆ ಗುಟ್ಟಾಗಿ ಹೇಳಿದ್ರೆ ಏನಾದ್ರೂ ನೆಪ ಮಾಡಿ ಆ ಸರಳು ತೆಗೆಸ್ತಾನೆ ಅಂದ್ಕೊಂಡೆ. ಸಂಜೆ ನೋಡಿದ್ರೆ ಅವನೇ ಇವರಿಗೆ ಎಲ್ಲರ ಮುಂದೆ ಕಣ್ಣು ಕಾಣಲ್ಲ ಅಂದುಬಿಟ್ಟ. ನಂಗೂ ಸಿಟ್ಟು ಬಂತು. ನಾಳೆ ಹೇಳಿದ್ರಾಯ್ತು ಅಂತ ಮುಖ ತಿರುಗಿಸ್ಕೊಂಡು ಬಂದೆ. ಬೆಳಿಗ್ಗೆ ಬಿತ್ತು.”

ಅವಳು ಗಂಡನ ಹೊದಿಕೆಯ ಅಂಚನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

ಇಷ್ಟಕ್ಕೆ ಮುಗಿಯಿತೆಂದು ನಾನು ಅಂದುಕೊಂಡೆ. ಯಾರೂ ಕೆಟ್ಟವರಲ್ಲದ ಕತೆ. ಇನ್ಸ್‌ಪೆಕ್ಟರಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಚಿಕ್ಕಮ್ಮ ಮಾತ್ರ ಲೇಪದಕ್ಕನ ಕೈಯನ್ನೇ ನೋಡುತ್ತಿದ್ದಳು. ತೆಳ್ಳಗಿನ, ಉದ್ದ ಬೆರಳುಗಳು.

“ಸೋಮವಾರ ಬೆಳಿಗ್ಗೆ ತುಂಬಿದೆ ಅಂದೆ. ಮಂಗಳವಾರ ಮುರಿದ ಸರಳಿನ ಲೇಪದ ಮೇಲೆ ಕಿಟ್ಟ ಕೂತಿತ್ತು. ಒಂದೇ ದಿನಕ್ಕೆ ಅಷ್ಟು ಕೂರಲ್ಲ,” ಎಂದಳು ನಿಧಾನವಾಗಿ. ನನ್ನ ಕಡೆ ಕೈ ಚಾಚಿದಳು. “ಆ ಫೋಟೊ ತೋರಿಸೇ.”

ಲೇಪದಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ನೋಡುತ್ತಲೇ ಇದ್ದಳು.

“ಇದು ನೀಲಿ,” ಎಂದಳು.

“ಹೌದು.”

“ನಾನು ತುಂಬಿದ್ದು ಬಿಳಿ ಮೇಡಂ.”

ಪಕ್ಕದ ಮಂಚದಲ್ಲಿ ಯಾರೋ ನೀರು ಕೇಳಿದರು. ಚಿಕ್ಕಮ್ಮ ಅಲುಗಲಿಲ್ಲ.

“ನನ್ನ ತೊಟ್ಟೀಲಿ ಇರೋದು ಬರೀ ಬಿಳಿ. ನೀಲಿ ಹಚ್ಚೋದು ಪಾತ್ರೆಯ ಅಂಚಿಗೆ ಮಾತ್ರ, ದುಬಾರಿ. ಅದನ್ನ ಬೀಗ ಹಾಕಿಟ್ಟಿರ್ತಾರೆ. ಕಲಸೋದೂ ಒಬ್ಬರೇ, ಬೀಗದಕೈ ಇರೋದೂ ಅವರ ಹತ್ರಾನೇ.”

“ಯಾರ ಹತ್ರ?”

ಲೇಪದಕ್ಕ ಮಂಚದ ಕಡೆ ನೋಡಿದಳು.

ಚಿಕ್ಕಮ್ಮ ಮೇಸ್ತ್ರಿಯ ಬಲಗೈಯನ್ನು ಮಗುವಿನ ಕೈ ಎತ್ತುವಂತೆ ಎತ್ತಿದಳು. ಅಗಲವಾದ ಹೆಬ್ಬೆರಳು. ಅದರ ತುದಿಗೆ ಅಡ್ಡವಾಗಿ ಯಾವ ಕಾಲದ್ದೋ ಸುಟ್ಟ ಗಾಯದ ಗೀರು. ಫೋಟೊದಲ್ಲಿ, ಗಾಜಾಗಿ ಬೆಂದ ನೀಲಿಯ ಮೇಲೆ, ಹೆಬ್ಬೆರಳು ಸವರಿದ ಜಾಡಿನ ಉದ್ದಕ್ಕೂ ಅದೇ ಗೀರು ಒಂದು ಗೆರೆಯನ್ನು ಎಳೆದುಕೊಂಡು ಹೋಗಿತ್ತು.

“ಇವರಿಗೆ ಗೊತ್ತಿತ್ತು,” ಎಂದಳು ಚಿಕ್ಕಮ್ಮ. ಅವಳ ದನಿ ಸಣ್ಣಗಾಗಿತ್ತು. “ಆ ಸರಳು ಕಿಟಕಿ ಕಡೆ ಬಂಡಿಗೆ ಹೋಗಿದ್ದೂ ಗೊತ್ತಿತ್ತು. ಅದಕ್ಕೇ ನಿನ್ನ ತಮ್ಮನ್ನ ಅಲ್ಲಿಂದ ಎಬ್ಬಿಸಿದ್ರು. ಬಿದ್ರೆ ತನ್ನ ಮೇಲೆ ಬೀಳಲಿ ಅಂತ.”

ಲೇಪದಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗೊತ್ತಿದ್ದವರು ಸರಳನ್ನು ತೆಗೆಸದೆ ಮುಚ್ಚಿದ್ದು ಯಾಕೆ, ಯಾರ ಮಾತಿಗೆ ಹೆದರಿ, ಎಂದು ಕೇಳಲು ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಥಟ್ಟನೆ ಎದ್ದು ನಿಂತಳು. ಸ್ಟೂಲು ಉರುಳಿತು.

“ನೀನು ಬಿಳಿ ತುಂಬಿದ ಸರಳು ಎಲ್ಲಿದೆ?”

ಅವಳ ಉತ್ತರ ಬೇಕಿರಲಿಲ್ಲ. ಇದ್ದದ್ದೇ ಎರಡು ಸರಳು. ಒಂದು ಠಾಣೆಯ ಮೇಜಿನ ಮೇಲಿತ್ತು.

“ಭಾರ ಹಾಕಲ್ಲ ಅಂತ ಮ್ಯಾನೇಜರು ಮಾತು ಕೊಟ್ಟಿದಾರೆ,” ಎಂದೆ ನಾನು, ನನಗೆ ನಾನೇ ಧೈರ್ಯ ಹೇಳಿಕೊಳ್ಳುವಂತೆ.

ಲೇಪದಕ್ಕ ದಿಂಬಿನ ಕೆಳಗಿಂದ ತನ್ನ ಫೋನ್ ತೆಗೆದಳು. ಒಂದು ಸಂದೇಶ ಬಂದಿತ್ತು, ನಾನೇ ಇಸಿದುಕೊಂಡು ಓದಿದೆ. ತಮ್ಮ ಕಳಿಸಿದ್ದು, ಬಂದ ಸದ್ದು ಕೇಳಿದ್ದರೂ ಗಂಡನ ಆರೈಕೆಯ ನಡುವೆ ಅವಳು ತೆರೆದೇ ಇರಲಿಲ್ಲ.

‘ಅಕ್ಕ, ಹೊರಗೆ ಬಂದೆ. ಮ್ಯಾನೇಜರು ಗೇಟಲ್ಲೇ ಕಾಯ್ತಾ ಇದ್ರು. ಉಳಿದಿರೋ ಸರಳು ಹಾಕಿ ಮಧ್ಯಾಹ್ನದ ಪಾಳಿಗೆ ಬಂಡಿ ಹೂಡ್ತಾರಂತೆ. ಭಾವನ ಜಾಗದಲ್ಲಿ ನಾನು ನಿಲ್ತೀನಿ. ಅವರು ಎದ್ದು ಬರೋವರೆಗೂ ಆ ಜಾಗ ಬೇರೆಯವರಿಗೆ ಹೋಗಬಾರದು. ನನ್ನ ಮೇಲೆ ಸಿಟ್ಟು ಬಿಡು.’

ನಾನು ಅವನ ನಂಬರಿಗೆ ಹೊಡೆದೆ. ಗಂಟೆ ಬಾರಿಸುತ್ತಲೇ ಇತ್ತು.

“ಎತ್ತಲ್ಲ,” ಎಂದಳು ಲೇಪದಕ್ಕ. “ಕುಲುಮೆ ಹತ್ರ ಹೋಗುವಾಗ ಫೋನು ಗೇಟಿನ ಪೆಟ್ಟಿಗೇಲಿ ಹಾಕಿ ಹೋಗ್ಬೇಕು.”

ಚಿಕ್ಕಮ್ಮ ಇನ್ಸ್‌ಪೆಕ್ಟರ ನಂಬರು ಒತ್ತುತ್ತಲೇ ಬಾಗಿಲ ಕಡೆ ಓಡುತ್ತಿದ್ದಳು. ಅವಳು ಓಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. “ಭಾರ ಹಾಕೋ ಮೊದಲು ಒಂದು ಸಲ ಸರಳು ಸವರಿ ನೋಡ್ತಾನೆ ಅಲ್ವಾ ನಿನ್ನ ತಮ್ಮ?” ಎಂದು ಅಲ್ಲಿಂದಲೇ ಕೂಗಿದಳು. “ನೋಡೇ ನೋಡ್ತಾನೆ, ಅಲ್ವಾ?”

ಲೇಪದಕ್ಕ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

“ನೋಡ್ತಾನೆ ಮೇಡಂ,” ಎಂದಳು. “ಆದ್ರೆ ಸಿಗಲ್ಲ. ಸೋಮವಾರ ಇವರ ಹೆಬ್ಬೆರಳಿಗೇ ಸಿಗಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದೀನಿ ನಾನು.”